ಬೈಯೋ ಅನ್‌ಟಿಲ್ಲೋ, ಲೈಯೋ ಲೇಯೋ: ಗೊಂದಲದ ಇಂಗ್ಲಿಷ್ ಜೋಡಿಪದಗಳನ್ನು ಬೇರ್ಪಡಿಸಲು ಮುಂಬೈ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

'ವಾಟರ್ ಸಪ್ಲೈ ವಿಲ್ ಬಿ ಎಫೆಕ್ಟೆಡ್ ಆನ್ ಸಂಡೇ.' ಟ್ಯಾಂಕ್ ತೊಳೆಸುವ ಹಿಂದಿನ ದಿನ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಇಂಥದೊಂದು ನೋಟಿಸು ಮುಂಬೈಯ ಎಷ್ಟೋ ಹೌಸಿಂಗ್ ಸೊಸೈಟಿಗಳಲ್ಲಿ ಕಾಣಸಿಗುತ್ತದೆ. ಬರೆದವರು ಹೇಳಹೊರಟದ್ದು, ಭಾನುವಾರ ನೀರಿಗೆ ತೊಂದರೆಯಾಗುತ್ತದೆ ಎಂದು. ಬರೆದಿರುವುದರ ಅರ್ಥ, ಭಾನುವಾರ ನೀರು ಪೂರೈಸಲಾಗುವುದು ಎಂದು. ಬೇಕಿದ್ದದ್ದು 'ಅಫೆಕ್ಟೆಡ್', ಕೂತದ್ದು 'ಎಫೆಕ್ಟೆಡ್'. ಒಂದೇ ಅಕ್ಷರದ ವ್ಯತ್ಯಾಸ, ಅರ್ಥ ಪೂರ್ತಿ ತಿರುವುಮುರುವು. ಎಲ್ಲರೂ ಬಕೆಟ್ ತುಂಬಿಸಿಟ್ಟುಕೊಳ್ಳುತ್ತಾರೆ ಬಿಡಿ, ಯಾಕೆಂದರೆ ಓದುವವರೂ ಅದೇ ತಪ್ಪನ್ನು ಮಾಡುವವರು. ಆದರೆ ಅದೇ ಪದ ಬ್ಯಾಂಕಿನ ಪತ್ರದಲ್ಲೋ ಬಾಡಿಗೆ ಕರಾರಿನಲ್ಲೋ ಪೊಲೀಸ್ ದೂರಿನಲ್ಲೋ ಕೂತರೆ ಇಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಎಂದರೆ ಕಾಗದದ ಭಾಷೆ. ಮನೆಯಲ್ಲಿ ಕನ್ನಡವೋ ತುಳುವೋ, ಲೋಕಲ್ ಟ್ರೇನಿನಲ್ಲಿ ಹಿಂದಿ, ನೆರೆಮನೆಯವರ ಜತೆ ಮರಾಠಿ, ಸಹಿ ಹಾಕುವ ಜಾಗದಲ್ಲಿ ಮಾತ್ರ ಇಂಗ್ಲಿಷ್. ಮಾತಿನ ತಪ್ಪು ಗಾಳಿಯಲ್ಲಿ ಹೋಗುತ್ತದೆ, ಕಾಗದದ ತಪ್ಪು ಫೈಲಿನಲ್ಲಿ ಉಳಿಯುತ್ತದೆ. ಇದಕ್ಕೆ ಪುಸ್ತಕದಂಗಡಿಯಲ್ಲಿ ಸಿಗುವ ಔಷಧ ಎಂದರೆ ನೂರಾರು ಜೋಡಿಗಳ ಉದ್ದನೆಯ ಪಟ್ಟಿ. ಆ ಪಟ್ಟಿ ಓದಿ ಸುಧಾರಿಸಿದವರು ಅಪರೂಪ. ಎಲ್ಲ ಗೊಂದಲಕ್ಕೂ ಒಂದೇ ಕಾರಣ ಎಂದು ಅದು ನಂಬಿರುತ್ತದೆ, ತೊಂದರೆ ಅಲ್ಲೇ. ಕೆಲವು ಗೊಂದಲ ಕಿವಿಯಿಂದ ಬರುತ್ತದೆ, ಕೆಲವು ಕಾಗುಣಿತದಿಂದ, ಕೆಲವು ಅರ್ಥದಿಂದ. ಅರ್ಥದ ಗೊಂದಲಗಳಲ್ಲಿ ದೊಡ್ಡ ಪಾಲನ್ನು ಕನ್ನಡ ಆಗಲೇ ಬಿಡಿಸಿಟ್ಟಿದೆ. ನಾವು ಮುಂಬೈಯಲ್ಲಿದ್ದು ಹಿಂದಿಯಲ್ಲಿ ಯೋಚಿಸಿ ಇಂಗ್ಲಿಷ್ ಬರೆಯುತ್ತೇವೆ, ಅದಕ್ಕೇ ಸಿಕ್ಕು ಮತ್ತೆ ಬಿಗಿಯಾಗುತ್ತದೆ.

ಹೆಜ್ಜೆ 1: ಪಟ್ಟಿ ನಿಮ್ಮದೇ ಇರಲಿ

ಮೊದಲು ಪುಸ್ತಕ ಮುಚ್ಚಿಡಿ. ನಿಮ್ಮ ಈಮೇಲಿನ ಸೆಂಟ್ ಫೋಲ್ಡರ್ ತೆರೆಯಿರಿ. ಆಫೀಸಿಗೆ ಬರೆದ ರಜೆ ಅರ್ಜಿ, ಮಗುವಿನ ಶಾಲೆಯ ಡೈರಿಯಲ್ಲಿ ಬರೆದ ಸಾಲು, ಸೊಸೈಟಿ ಗುಂಪಿಗೆ ಹಾಕಿದ ವಾಟ್ಸಾಪ್ ಸಂದೇಶ, ಇಷ್ಟು ಸಾಕು. ಬರೆಯುವಾಗ ಎಲ್ಲಿ ಕೈ ತಡೆದಿತ್ತೋ, 'ಇದೋ ಅದೋ' ಎಂದು ಗೂಗಲ್ ಮಾಡಿದ್ದಿರೋ, ಆ ಪದಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ. ಒಬ್ಬೊಬ್ಬರಿಗೂ ಕಾಡುವ ಜೋಡಿಗಳು ಹತ್ತು ಹದಿನೈದಕ್ಕಿಂತ ಹೆಚ್ಚಿರುವುದಿಲ್ಲ. ಹೋಟೆಲ್ ನಡೆಸುವವರ ಪಟ್ಟಿ ಬೇರೆ, ಬ್ಯಾಂಕಿನಲ್ಲಿರುವವರ ಪಟ್ಟಿ ಬೇರೆ. ಜೀವಮಾನದಲ್ಲಿ ಒಮ್ಮೆಯೂ ಬರೆಯದ ಪದವನ್ನು ಬಾಯಿಪಾಠ ಮಾಡಿ ಏನು ಪ್ರಯೋಜನ?

ಪದ ಒಂದನ್ನೇ ಬರೆದುಕೊಳ್ಳಬೇಡಿ, ಅದಿದ್ದ ಇಡೀ ವಾಕ್ಯವನ್ನು ಬರೆದುಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ವಾಕ್ಯದ ಮೇಲೆಯೇ ನಿಂತಿವೆ.

ಹೆಜ್ಜೆ 2: ಗೊಂದಲ ಎಲ್ಲಿಂದ ಬಂತು ಎಂದು ನೋಡಿ

ಪ್ರತಿ ಜೋಡಿಯ ಮುಂದೆ ಒಂದು ಗುರುತು ಹಾಕಿ. ಎರಡೂ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳಿನೋಡಿ. ಅರ್ಥ ಹೇಳುವಾಗಲೇ ಎರಡೂ ಒಂದೇ ಅನ್ನಿಸಿದರೆ ಅದು ಅರ್ಥದ ಗೊಂದಲ: 'ಬೈ' ಮತ್ತು 'ಅನ್‌ಟಿಲ್' ಹೀಗೆ. ಅರ್ಥ ಸ್ಪಷ್ಟವಾಗಿ ಗೊತ್ತು, ಬರೆಯುವಾಗ ಯಾವ ಅಕ್ಷರ ಎಂದು ತಿಳಿಯುವುದಿಲ್ಲ ಎಂದಾದರೆ ಕಾಗುಣಿತದ್ದು: ಪೆನ್ನು ಪುಸ್ತಕದ 'ಸ್ಟೇಷನರಿ' ಮತ್ತು ನಿಂತಲ್ಲೇ ನಿಂತ 'ಸ್ಟೇಷನರಿ'. ಅರ್ಥವೂ ಗೊತ್ತು, ಕಾಗುಣಿತವೂ ಗೊತ್ತು, ಆದರೆ ಬಾಯಿಂದ ಎರಡೂ ಒಂದೇ ಥರ ಹೊರಡುತ್ತವೆ ಎಂದಾದರೆ ಕಿವಿಯದು: 'ಪ್ರೈಸ್' ಮತ್ತು 'ಪ್ರೈಜ಼್'.

ಒಂದಕ್ಕೆ ಮಾಡುವ ಚಿಕಿತ್ಸೆ ಇನ್ನೊಂದಕ್ಕೆ ನಾಟುವುದಿಲ್ಲ. ಅರ್ಥದ ಗೊಂದಲಕ್ಕೆ ಕಾಗುಣಿತ ನೂರು ಸಲ ಬರೆದರೂ ಅಷ್ಟೇ.

ಹೆಜ್ಜೆ 3: ಅರ್ಥದ ಜೋಡಿಗಳನ್ನು ಕನ್ನಡದಲ್ಲಿ ಹೇಳಿ ನೋಡಿ

ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಮೇಂಟೆನೆನ್ಸ್ ಹಣ ಕಟ್ಟುವ ನೋಟಿಸು ತೆಗೆದುಕೊಳ್ಳಿ: 'ಪೇ ಅನ್‌ಟಿಲ್ ಟೆಂತ್'. ಇದು ಹಿಂದಿಯ 'ದಸ್ ತಾರೀಖ್ ತಕ್' ಎಂಬುದರ ನೇರ ಇಂಗ್ಲಿಷ್. ಮರಾಠಿಯಲ್ಲಿ ಯೋಚಿಸಿದರೂ 'ದಹಾ ತಾರಖೇಪರ್ಯಂತ', ಫಲಿತಾಂಶ ಅದೇ. 'ತಕ್' ಮತ್ತು 'ಪರ್ಯಂತ' ಎರಡೂ ಕೆಲಸಕ್ಕೆ ಒದಗುತ್ತವೆ: ಅಲ್ಲಿಯವರೆಗೆ ನಡೆಯುತ್ತಲೇ ಇರುವುದಕ್ಕೂ, ಅಷ್ಟರೊಳಗೆ ಮುಗಿಯಬೇಕಾದದ್ದಕ್ಕೂ. ಕನ್ನಡ ಹಾಗಲ್ಲ. 'ಹತ್ತನೇ ತಾರೀಖಿನವರೆಗೆ ಆಫೀಸು ತೆರೆದಿರುತ್ತದೆ' ಎನ್ನುತ್ತೇವೆ, 'ಹತ್ತನೇ ತಾರೀಖಿನೊಳಗೆ ಹಣ ಕಟ್ಟಿ' ಎನ್ನುತ್ತೇವೆ. 'ವರೆಗೆ' ಬಂದರೆ 'ಅನ್‌ಟಿಲ್', 'ಒಳಗೆ' ಬಂದರೆ 'ಬೈ'. ಇಷ್ಟೇ ಸೂತ್ರ. ಆದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡದಲ್ಲೂ 'ಐದು ಗಂಟೆ ತನಕ ಬರ್ತೀನಿ' ಎನ್ನತೊಡಗಿದ್ದಾರೆ, ಐದರೊಳಗೆ ಬರುತ್ತೇನೆ ಎಂಬ ಅರ್ಥದಲ್ಲಿ. ಅಂಥವರಿಗೆ ಮೊದಲು ಕನ್ನಡ ತಿದ್ದಬೇಕು, ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ.

'ಒಳಗೆ' ಬಂದಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಅದರ ಹಿಂದಿರುವುದು ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದ ಬಿಂದುವೇ, ಅಥವಾ ಎಣಿಸುವ ಅಳತೆಯೇ? 'ಶುಕ್ರವಾರದೊಳಗೆ' ಬಿಂದು, ಅದಕ್ಕೆ 'ಬೈ'. 'ಐದು ದಿನದೊಳಗೆ' ಅಳತೆ, ಅದಕ್ಕೆ 'ವಿದಿನ್'.

ಈ ಬಿಂದು–ಅಳತೆಯ ಪರೀಕ್ಷೆಯನ್ನು ಕೈಯಲ್ಲಿಟ್ಟುಕೊಳ್ಳಿ, ಇನ್ನೊಂದು ಹಳೆಯ ಶತ್ರುವಿಗೂ ಇದೇ ಬಾಣ. 'ಐ ಆಮ್ ಲಿವಿಂಗ್ ಇನ್ ಡೊಂಬಿವಲಿ ಸಿನ್ಸ್ ಟೆನ್ ಇಯರ್ಸ್' ಎಂಬ ವಾಕ್ಯ ನಮ್ಮವರ ಬಯೋಡೇಟಾಗಳಲ್ಲಿ ಓಡಾಡುತ್ತಿರುತ್ತದೆ. ಇಲ್ಲಿ ಕನ್ನಡ ಕೈಕೊಡುತ್ತದೆ, ಯಾಕೆಂದರೆ 'ಹತ್ತು ವರ್ಷದಿಂದ', '2015ರಿಂದ' ಎರಡಕ್ಕೂ ನಮ್ಮಲ್ಲಿ 'ಇಂದ' ಒಂದೇ. ಹಿಂದಿಯ 'ಸೇ' ಕೂಡ ಹಾಗೆಯೇ. ಆದ್ದರಿಂದ ಪ್ರತ್ಯಯ ನೋಡಬೇಡಿ, ಅದರ ಹಿಂದಿನ ಪದ ನೋಡಿ. ಹತ್ತು ವರ್ಷ ಅಳತೆ, 'ಫಾರ್' ಹಾಕಿ. 2015, ಮದುವೆಯಾದ ದಿನ, ಕಳೆದ ಸೋಮವಾರ, ಇವೆಲ್ಲ ಬಿಂದುಗಳು, 'ಸಿನ್ಸ್' ಹಾಕಿ. ಜತೆಗೆ 'ಆಮ್ ಲಿವಿಂಗ್' ಹೋಗಿ 'ಹ್ಯಾವ್ ಲಿವ್ಡ್' ಅಥವಾ 'ಹ್ಯಾವ್ ಬೀನ್ ಲಿವಿಂಗ್' ಆಗಬೇಕು.

ಕೇಳುವ ನೋಡುವ ಕ್ರಿಯೆಗಳಿಗೆ ಬನ್ನಿ. ದಾದರ್ ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅನೌನ್ಸ್‌ಮೆಂಟ್ 'ಕೇಳಿಸಲಿಲ್ಲ' ಎಂದರೆ 'ಹಿಯರ್'. ಫೋನ್ ನೋಡುತ್ತ ನಿಂತು ಅನೌನ್ಸ್‌ಮೆಂಟ್ 'ಕೇಳಲಿಲ್ಲ' ಎಂದರೆ 'ಲಿಸನ್'. ತಾನಾಗಿ ಕಿವಿಗೆ ಬೀಳುವುದು ಒಂದು, ಕಿವಿಗೊಟ್ಟು ಕೇಳುವುದು ಇನ್ನೊಂದು. ಕಣ್ಣಿಗೂ ಇದೇ ಲೆಕ್ಕ: ಇಂಡಿಕೇಟರ್ 'ಕಾಣಿಸಿತು' ಎಂದರೆ 'ಸೀ', 'ನೋಡಿದೆ' ಎಂದರೆ 'ಲುಕ್ ಅಟ್', ಬದಲಾಗುವುದನ್ನು 'ನೋಡುತ್ತಲೇ ಇದ್ದೆ' ಎಂದರೆ 'ವಾಚ್'. ಕುಂದಾಪುರದ ಕಡೆಯವರಿಗೆ ಇಲ್ಲೊಂದು ಎಚ್ಚರಿಕೆ. ನಿಮ್ಮ ಮನೆಮಾತಿನಲ್ಲಿ 'ಇಲ್ಲಿ ಕಾಣಿ' ಎಂದರೆ ಇಲ್ಲಿ ನೋಡಿ ಎಂದೇ ಅರ್ಥ, ಹಾಗಾಗಿ ಈ ಪರೀಕ್ಷೆ ಮಾಡುವಾಗ 'ಕಾಣು' ಬಿಟ್ಟು 'ಕಣ್ಣಿಗೆ ಬಿತ್ತು' ಎಂದು ಹೇಳಿ ನೋಡಿ.

'ಬ್ರಿಂಗ್' ಮತ್ತು 'ಟೇಕ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತರುವುದು 'ಬ್ರಿಂಗ್', ಒಯ್ಯುವುದು 'ಟೇಕ್'. ಧಾರವಾಡ, ಬೆಳಗಾವಿ ಕಡೆಯವರ ಬಾಯಲ್ಲಿ 'ಒಯ್ಯು' ಇನ್ನೂ ಜೀವಂತವಾಗಿದೆ, ಅವರು ಇದರಲ್ಲಿ ಎಡವಬಾರದು. 'ಲೆಂಡ್' ಮತ್ತು 'ಬಾರೋ' ಕಷ್ಟ ಅನ್ನಿಸುವುದು ಎರಡಕ್ಕೂ 'ಸಾಲ' ಎಂಬ ಒಂದೇ ನಾಮಪದ ಇರುವುದರಿಂದ. ನಾಮಪದ ಬಿಡಿ, ಕ್ರಿಯಾಪದ ಹಿಡಿಯಿರಿ. 'ಕೊಡು' ಬಂದರೆ 'ಲೆಂಡ್', 'ಕೊಳ್ಳು' ಬಂದರೆ 'ಬಾರೋ'. ಕೈಗಡ ಕೊಟ್ಟವರು ಲೆಂಡ್ ಮಾಡಿದವರು, ತೆಗೆದುಕೊಂಡವರು ಬಾರೋ ಮಾಡಿದವರು. 'ಕ್ಯಾನ್ ಯೂ ಬಾರೋ ಮಿ ಯುವರ್ ಪೆನ್' ಎಂದು ಕೇಳಿದರೆ ಪೆನ್ನು ಸಿಗುತ್ತದೆ, ವ್ಯಾಕರಣ ಸಿಗುವುದಿಲ್ಲ.

ಹೆಜ್ಜೆ 4: 'ಇಸು' ಪರೀಕ್ಷೆ

ಕನ್ನಡದ ಪ್ರೇರಣಾರ್ಥಕ ಪ್ರತ್ಯಯ 'ಇಸು' ನಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ. ಕಲಿಯುವುದು 'ಲರ್ನ್', ಕಲಿಸುವುದು 'ಟೀಚ್'. ನೆನಪಿಟ್ಟುಕೊಳ್ಳುವುದು 'ರಿಮೆಂಬರ್', ನೆನಪಿಸುವುದು 'ರಿಮೈಂಡ್'. 'ಪ್ಲೀಸ್ ರಿಮೆಂಬರ್ ಮಿ ಟುಮಾರೋ' ಎಂದು ಮೇಲಧಿಕಾರಿಗೆ ಬರೆದರೆ, ನಾಳೆ ನನ್ನನ್ನು ಸ್ಮರಿಸಿ ಎಂದು ಬೇಡಿದ ಹಾಗಾಗುತ್ತದೆ. ಏರುವುದು 'ರೈಸ್', ಏರಿಸುವುದು 'ರೇಜ಼್'. ಬೆಲೆ ತಾನೇ ಏರಿದರೆ 'ಪ್ರೈಸಸ್ ರೋಸ್'. ಯಾರೋ ಏರಿಸಿದರೆ 'ದೇ ರೇಜ಼್ಡ್ ದ ಪ್ರೈಸ್'. ಟ್ರೇನ್ ಟಿಕೆಟಿನ ದರ ತಾನಾಗಿ ಏರುವುದಿಲ್ಲ, ಅದನ್ನು ಯಾವಾಗಲೂ ರೇಜ಼್ ಮಾಡಿಯೇ ಮಾಡುತ್ತಾರೆ.

ಎಲ್ಲರನ್ನೂ ಅಳಿಸುವ 'ಲೈ' ಮತ್ತು 'ಲೇ' ಕೂಡ ಇದೇ ಜಾತಿ. ತಾನೇ ಮಲಗುವುದು, ಬಿದ್ದಿರುವುದು 'ಲೈ'. ಇನ್ನೊಂದನ್ನು ಮಲಗಿಸುವುದು, ಇಡುವುದು, ಹಾಸುವುದು 'ಲೇ'. ಮಗು ಮಲಗಿದೆ, ಲೈ. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಲೇ. ರಸ್ತೆ ಅಗೆದು ಪೈಪು ಹಾಕುವುದು 'ಲೇ', ಹಾಕದೆ ತಿಂಗಳುಗಟ್ಟಲೆ ರಸ್ತೆ ಬದಿ ಬಿದ್ದಿರುವ ಪೈಪು 'ಲೈ'. ಇಲ್ಲಿಯವರೆಗೆ ಸುಲಭ. ತೊಡಕು ಭೂತಕಾಲದಲ್ಲಿದೆ: 'ಲೈ'ಯ ಭೂತಕಾಲದ ರೂಪವೇ 'ಲೇ'! ಆದ್ದರಿಂದ ಇವನ್ನು ಸಾಲಾಗಿಯೇ ಹೇಳಿ ಅಭ್ಯಾಸ ಮಾಡಬೇಕು. ಮಲಗುವುದಕ್ಕೆ ಲೈ, ಲೇ, ಲೇನ್. ಇಡುವುದಕ್ಕೆ ಲೇ, ಲೇಡ್, ಲೇಡ್. ಸುಳ್ಳು ಹೇಳುವುದಕ್ಕೆ ಲೈ, ಲೈಡ್, ಲೈಡ್. 'ಹಿ ಲೈಡ್ ಆನ್ ದ ಬೆಡ್' ಎಂದರೆ ಹಾಸಿಗೆಯ ಮೇಲೆ ಸುಳ್ಳು ಹೇಳಿದ ಎಂದಾಗುತ್ತದೆ. ಬರೆಯುವಾಗ ಇಷ್ಟೆಲ್ಲ ನೆನಪಾಗದಿದ್ದರೆ 'ಸ್ಲೆಪ್ಟ್' ಎಂದೋ 'ಪುಟ್' ಎಂದೋ ಬರೆದು ಪಾರಾಗಿ. ಅದರಲ್ಲಿ ಅವಮಾನವೇನಿಲ್ಲ, ಇಂಗ್ಲಿಷ್ ಮನೆಮಾತಾಗಿರುವವರೂ ಇದೊಂದರಲ್ಲಿ ಧಾರಾಳವಾಗಿ ತಪ್ಪುತ್ತಾರೆ.

'ಫಾಲ್' ಮತ್ತು 'ಫೆಲ್' ಕೂಡ ಇದೇ ಬಳಗದವು. ಮರ ಬೀಳುವುದು 'ಫಾಲ್', ಅದರ ಭೂತಕಾಲ 'ಫೆಲ್'. ಮರ ಬೀಳಿಸುವುದು, ಅಂದರೆ ಕಡಿದು ಉರುಳಿಸುವುದು, ಅದು ಸ್ವತಂತ್ರವಾದ ಇನ್ನೊಂದು 'ಫೆಲ್', ಭೂತಕಾಲ 'ಫೆಲ್ಡ್'. ಮಹಾರಾಷ್ಟ್ರದ ನಗರಗಳಲ್ಲಿ ಅನುಮತಿಯಿಲ್ಲದೆ ಮರ ಕಡಿಯುವುದನ್ನು 1975ರ ವೃಕ್ಷ ಸಂರಕ್ಷಣಾ ಕಾಯ್ದೆ ತಡೆಯುತ್ತದೆ, ಆ ಕಾಯ್ದೆಯ ಭಾಷೆಯಲ್ಲಿ ಅದು 'ಫೆಲಿಂಗ್'. ಮಳೆಗಾಲದಲ್ಲಿ ವಾರ್ಡ್ ಆಫೀಸಿಗೆ ಪತ್ರ ಬರೆಯುವ ಸೊಸೈಟಿಯವರು ಗಮನಿಸಿ: 'ದ ಟ್ರೀ ಫೆಲ್' ಎಂದರೆ ಗಾಳಿಗೆ ಬಿತ್ತು, 'ದ ಟ್ರೀ ವಾಸ್ ಫೆಲ್ಡ್' ಎಂದರೆ ಯಾರೋ ಕಡಿದರು. ಎರಡನೆಯದನ್ನು ಬರೆದು ಕೆಳಗೆ ನೀವೇ ಸಹಿ ಹಾಕಿದರೆ ಅನುಮತಿ ಪತ್ರ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ.

ಇದು ಕಾಕತಾಳೀಯವಲ್ಲ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ನಮ್ಮ 'ಇಸು' ಮಾಡುವ ಕೆಲಸವನ್ನೇ ಮಾಡುವ ಪ್ರತ್ಯಯವೊಂದಿತ್ತು. ಕಾಲಕ್ರಮದಲ್ಲಿ ಅದು ಸವೆದುಹೋಗಿ, ಸ್ವರದ ವ್ಯತ್ಯಾಸವಷ್ಟೇ ಉಳಿಯಿತು. ಸಿಟ್–ಸೆಟ್, ಲೈ–ಲೇ, ಫಾಲ್–ಫೆಲ್ ಎಲ್ಲವೂ ಆ ಅವಶೇಷಗಳೇ.

ಹೆಜ್ಜೆ 5: ಸಹಿ ಹಾಕುವ ಕಾಗದದ ಪದಗಳು

ಬಾಡಿಗೆ ಮನೆಯಲ್ಲಿರುವವರು ಕರಾರುಪತ್ರ ತೆಗೆದು ಎದುರಿಗಿಟ್ಟುಕೊಳ್ಳಿ. ಮುಂಬೈ ಪುಣೆಯಲ್ಲಿ ಹೆಚ್ಚಾಗಿ ಅದು ಲೀಸ್ ಅಲ್ಲ, 'ಲೀವ್ ಅಂಡ್ ಲೈಸೆನ್ಸ್'. ಇಲ್ಲಿನ 'ಲೀವ್' ರಜೆಯೂ ಅಲ್ಲ, ಬಿಟ್ಟುಹೋಗುವುದೂ ಅಲ್ಲ, ಅನುಮತಿ. 'ಲೀಸ್' ಎಂದರೆ ಆಸ್ತಿಯಲ್ಲಿ ಒಂದು ಹಕ್ಕನ್ನೇ ಕೊಡುವುದು, ಅದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸಂಗತಿ. 'ಲೈಸೆನ್ಸ್' ಎಂದರೆ ಇರಲು ಬಿಡುವುದು ಅಷ್ಟೇ, ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಅದು ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯಲ್ಲಿದೆ. ಮನೆ ಮಾಲೀಕರು ಯಾಕೆ ಎರಡನೆಯದನ್ನೇ ಬಯಸುತ್ತಾರೆ ಎಂಬುದು ಈಗ ಹೊಳೆದಿರಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಇಂಥ ಕರಾರು ಬರವಣಿಗೆಯಲ್ಲಿದ್ದು ನೋಂದಣಿಯಾಗಿರಬೇಕು. ಅಂದಮೇಲೆ ಅದರಲ್ಲಿನ ಪದಗಳನ್ನು ಓದದೆ ಸಹಿ ಹಾಕುವುದು ಹೇಗೆ?

ಮೊದಲ ಪುಟದಲ್ಲೇ 'ಲೈಸೆನ್ಸರ್' ಮತ್ತು 'ಲೈಸೆನ್ಸೀ' ಎಂಬ ಇಬ್ಬರು ಬರುತ್ತಾರೆ. ಓ-ಆರ್ ಅಕ್ಷರಗಳಿಂದ ಮುಗಿಯುವವರು ಕೊಡುವವರು, ಎರಡು ಇ ಅಕ್ಷರಗಳಿಂದ ಮುಗಿಯುವವರು ಪಡೆಯುವವರು. ಮನೆ ಕೊಟ್ಟವರು ಲೈಸೆನ್ಸರ್, ವಾಸಕ್ಕೆ ಬಂದ ನೀವು ಲೈಸೆನ್ಸೀ. ಲೆಸರ್–ಲೆಸೀ, ಎಂಪ್ಲಾಯರ್–ಎಂಪ್ಲಾಯೀ ಎಲ್ಲಕ್ಕೂ ಇದೇ ನಿಯಮ, ಎಂಪ್ಲಾಯರ್‌ನಲ್ಲಿ ಮಾತ್ರ ಇ-ಆರ್. ಗೃಹಸಾಲದ ಕಾಗದದಲ್ಲಿ ಈ ನಿಯಮ ಜನರನ್ನು ದಾರಿ ತಪ್ಪಿಸುವುದುಂಟು. 'ಮಾರ್ಟ್‌ಗೇಜರ್' ಯಾರು? ಸಾಲ ಕೊಟ್ಟ ಬ್ಯಾಂಕ್ ಎಂದುಕೊಳ್ಳುತ್ತೇವೆ. ಅಲ್ಲ, ನೀವು. ಅಲ್ಲಿ ಕೊಟ್ಟದ್ದು ಏನು ಎಂದು ಕೇಳಿಕೊಳ್ಳಬೇಕು. ಆ ಪದದ ವಿಷಯ ಹಣವಲ್ಲ, ಅಡಮಾನ. ಫ್ಲ್ಯಾಟನ್ನು ಅಡವಿಟ್ಟವರು ನೀವು, ಅಡಮಾನ ಪಡೆದದ್ದು ಬ್ಯಾಂಕ್, ಹಾಗಾಗಿ ಬ್ಯಾಂಕೇ 'ಮಾರ್ಟ್‌ಗೇಜೀ'.

ಪೊಲೀಸ್ ದೂರು ಬರೆಯುವಾಗಲೂ ಒಂದು ಪದ ಬಹಳ ಮುಖ್ಯ. ಲೋಕಲ್‌ನಲ್ಲಿ ಮೊಬೈಲ್ ಹೋಯಿತು. 'ಲಾಸ್ಟ್' ಎಂದು ಬರೆದರೆ ಕಳೆದುಹೋಯಿತು ಎಂದರ್ಥ, ಅಂದರೆ ಅಪರಾಧವೇ ನಡೆದಿಲ್ಲ. ಯಾರೋ ಕದ್ದರೆ 'ಸ್ಟೋಲನ್'. ಬಾಗಿಲಲ್ಲಿ ನಿಂತಿದ್ದಾಗ ಕೈಯಿಂದ ಕಸಿದು ಓಡಿದರೆ 'ಸ್ನ್ಯಾಚ್ಡ್'. ಹೊಡೆದು ಹೆದರಿಸಿ ಕಿತ್ತುಕೊಂಡರೆ 'ರಾಬ್ಡ್'. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವಿಗೆ 303, ಕಸಿಯುವುದಕ್ಕೆ 304, ಸುಲಿಗೆಗೆ 309, ಹೀಗೆ ಬೇರೆ ಬೇರೆ ಕಲಂಗಳಿವೆ. ವಾಕ್ಯರಚನೆಗೆ ಕನ್ನಡವನ್ನೇ ನಂಬಿ: ವಸ್ತುವನ್ನು ಕದಿಯುತ್ತಾರೆ, ಮನುಷ್ಯರನ್ನು ದೋಚುತ್ತಾರೆ. 'ಮೈ ಫೋನ್ ವಾಸ್ ಸ್ಟೋಲನ್', 'ಐ ವಾಸ್ ರಾಬ್ಡ್'. 'ಮೈ ಫೋನ್ ವಾಸ್ ರಾಬ್ಡ್' ಎಂದರೆ ಫೋನಿನ ಜೇಬಿನಿಂದ ಯಾರೋ ಏನೋ ದೋಚಿದ ಹಾಗೆ.

ಹೆಜ್ಜೆ 6: ಕಾಗುಣಿತದ ಜೋಡಿಗಳಿಗೆ ಕನ್ನಡದ ಕೊಕ್ಕೆ

ಇಲ್ಲಿ ತರ್ಕ ನಡೆಯುವುದಿಲ್ಲ, ನೆನಪಿಗೆ ಕೊಕ್ಕೆ ಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿರುವ ಕೊಕ್ಕೆಗಳನ್ನು ಇಂಗ್ಲಿಷ್ ಮಕ್ಕಳಿಗಾಗಿ ಮಾಡಿದ್ದು. ನಮ್ಮವನ್ನು ನಾವೇ ಮಾಡಿಕೊಂಡರೆ ಹೆಚ್ಚು ಗಟ್ಟಿ. ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುತ್ತೀರಲ್ಲ, ಅದನ್ನೇ ಬಳಸಿ.

ಸಾಲದ 'ಪ್ರಿನ್ಸಿಪಲ್' ಎಂದರೆ ಅಸಲು. ಅಸಲು ಎಂದು ಟೈಪ್ ಮಾಡಿದರೆ ಮೊದಲ ಅಕ್ಷರ ಎ. ಹಾಗಾಗಿ ಅಸಲಿನ ಪ್ರಿನ್ಸಿಪಲ್ ಎ-ಎಲ್‌ನಿಂದ ಮುಗಿಯುತ್ತದೆ. ಮುಖ್ಯ ಎಂಬ ಅರ್ಥದಲ್ಲೂ, ಕಾಲೇಜಿನ ಮುಖ್ಯಸ್ಥರಿಗೂ ಇದೇ ಕಾಗುಣಿತ. ತತ್ವ, ನೀತಿ ಎಂಬ ಅರ್ಥದ್ದು ಎಲ್-ಇ. ಸಿಯಾನ್ ಮತ್ತು ಕುರ್ಲಾ ನಡುವೆ ನಿಂತುಬಿಟ್ಟ ಟ್ರೇನು 'ಸ್ಟೇಷನರಿ', ಅಂದರೆ ಅಚಲ, ಅಲ್ಲೂ ಎ, ಕೊನೆ ಎ-ಆರ್-ವೈ. ಪೆನ್ನು ಕಾಗದದ್ದು ಇ-ಆರ್-ವೈ. ತಮಾಷೆಯೆಂದರೆ ಎರಡರ ಮೂಲವೂ ಒಂದೇ: ಹಿಂದೆ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹಾಕಿಕೊಂಡು ಪುಸ್ತಕ ಮಾರುವವರನ್ನು ಸ್ಟೇಷನರ್ ಎನ್ನುತ್ತಿದ್ದರು. ಹೀಗಿರುವಾಗ 'ಸ್ಟೇಷನರಿ ಮಾರ್ಟ್' ಎಂಬ ಬೋರ್ಡಿನಲ್ಲಿ ಎ ಬರೆಸಿದ ಅಂಗಡಿಯವರನ್ನು ಪೂರ್ತಿ ತಪ್ಪಿತಸ್ಥರೆನ್ನಲು ಮನಸ್ಸು ಬರುವುದಿಲ್ಲ.

ಹೋಟೆಲಿನವರಿಗೆ ಬೇಕಾದ ಜೋಡಿ 'ಕಾಂಪ್ಲಿಮೆಂಟರಿ'. ಬಿಟ್ಟಿ ಕೊಡುವ ಬೆಳಗಿನ ತಿಂಡಿ ಒಂದು ಥರ ಇನಾಮು. ಇನಾಮು ಎಂದು ಟೈಪ್ ಮಾಡಿದರೆ ಶುರುವಾಗುವುದು ಐ ಅಕ್ಷರದಿಂದ, ಆದ್ದರಿಂದ ನಡುವೆ ಐ. ಹೊಗಳಿಕೆಯ ಕಾಂಪ್ಲಿಮೆಂಟ್ ಕೂಡ ಇದೇ. ಒಂದಕ್ಕೊಂದು ಪೂರಕ ಎಂಬ ಅರ್ಥದ್ದಕ್ಕೆ ನಡುವೆ ಇ. ಮೆನು ಕಾರ್ಡಿನ ಕೊನೆಯಲ್ಲಿ ಗಿರಾಕಿಗೆ 'ಡೆಸರ್ಟ್' ಎಂದು ಮರುಭೂಮಿ ಬಡಿಸದಿರಲು ಎಸ್ ಎರಡು ಬೇಕು.

'ಅಫೆಕ್ಟ್' ಮತ್ತು 'ಎಫೆಕ್ಟ್'ಗೆ ವಾಕ್ಯದಲ್ಲಿ ಅದು ಏನು ಕೆಲಸ ಮಾಡುತ್ತಿದೆ ಎಂದು ನೋಡಿ. ಕ್ರಿಯಾಪದವಾಗಿದ್ದರೆ, ಅಂದರೆ 'ಬಾಧಿಸು, ಅಡ್ಡಿಪಡಿಸು, ತಟ್ಟು' ಎಂದಿದ್ದರೆ, ಸಾಮಾನ್ಯವಾಗಿ ಅಫೆಕ್ಟ್. ನಾಮಪದವಾಗಿದ್ದರೆ, ಅಂದರೆ 'ಪರಿಣಾಮ' ಎಂದಿದ್ದರೆ, ಎಫೆಕ್ಟ್. ಒಂದೇ ಅಪವಾದವನ್ನು ನೀವು ಕಾಗದಗಳಲ್ಲಿ ಕಾಣುತ್ತೀರಿ: 'ಪೇಮೆಂಟ್ ವಾಸ್ ಎಫೆಕ್ಟೆಡ್', ಅಂದರೆ ಪಾವತಿ ನೆರವೇರಿತು. ಟ್ಯಾಂಕಿನ ನೋಟಿಸು ತಲೆಕೆಳಗಾದದ್ದು ಈ ಅರ್ಥದಿಂದಲೇ.

ಹೆಜ್ಜೆ 7: ಕಿವಿಯ ಜೋಡಿಗಳು

ಹ್ರಸ್ವ ದೀರ್ಘದ ವಿಷಯದಲ್ಲಿ ಕನ್ನಡಿಗರು ಪುಣ್ಯವಂತರು. ಶಿಪ್–ಶೀಪ್, ಲಿವ್–ಲೀವ್ ನಮ್ಮ ಬಾಯಲ್ಲಿ ತಾವಾಗಿ ಬೇರೆಯಾಗುತ್ತವೆ. ನಮಗೆ ಕಷ್ಟವಿರುವುದು ಎಸ್ ಮತ್ತು ಜ಼ಡ್ ಸದ್ದಿನಲ್ಲಿ, ವಿ ಮತ್ತು ಡಬ್ಲ್ಯೂನಲ್ಲಿ.

'ಲೂಸ್' ಎಂದರೆ ಸಡಿಲ, ಅದಕ್ಕೆ ಎರಡು ಓ. ನಮ್ಮ ಆಡುಮಾತಿನ 'ಅವನೊಬ್ಬ ಲೂಸು' ಕೂಡ ಅದೇ, ತಲೆಯ ಸ್ಕ್ರೂ ಸಡಿಲ. ಕಳೆದುಕೊಳ್ಳುವುದು 'ಲೂಜ಼್', ಅಲ್ಲಿ ಒಂದು ಓ ಕಳೆದುಹೋಗಿದೆ. ಈ 'ಜ಼' ಸದ್ದು ಹೊರಡಿಸುವುದು ಹೇಗೆ? ನೆರೆಮನೆಯವರು 'ಮಾಝಾ', 'ತುಝಾ' ಎನ್ನುವುದನ್ನು ಗಮನಿಸಿ. ಪೂರ್ತಿ ಅದೇ ಅಲ್ಲ, ಆದರೆ ನಮ್ಮ 'ಜ'ಕ್ಕಿಂತ ಅದು ಹತ್ತಿರ. ವಿ–ಡಬ್ಲ್ಯೂ ವಿಷಯದಲ್ಲೂ ಮರಾಠಿ ಬೋರ್ಡುಗಳು ಪಾಠ ಹೇಳುತ್ತವೆ. ವಾರ್ಡ್ ಎಂಬುದನ್ನು ಅವರು ಬರೇ 'ವ'ದಿಂದ ಬರೆಯುತ್ತಾರೆ, ವ್ಯಾನ್ ಎಂಬುದನ್ನು 'ವ'ಕ್ಕೆ 'ಹ' ಒತ್ತು ಕೊಟ್ಟು. ವಿ ಬಂದಲ್ಲಿ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಡಬ್ಲ್ಯೂ ಬಂದಲ್ಲಿ ತುಟಿ ದುಂಡಗಾಗಬೇಕು. ವೆಸ್ಟ್ ಎಂಬ ಬನಿಯನ್ನಿಗೂ ಬಾಂದ್ರಾ ವೆಸ್ಟಿಗೂ ಇರುವ ವ್ಯತ್ಯಾಸ ಅಷ್ಟೇ.

ಈ ಸದ್ದಿನ ಜೋಡಿಗಳಲ್ಲಿ ಕೆಲವು ನಾಮಪದ–ಕ್ರಿಯಾಪದ ಜೋಡಿಗಳೂ ಹೌದು. 'ಅಡ್ವೈಸ್' ಸಲಹೆ, ಸಿ ಅಕ್ಷರ. 'ಅಡ್ವೈಜ಼್' ಸಲಹೆ ಕೊಡು, ಎಸ್ ಅಕ್ಷರ. ಪ್ರಾಕ್ಟಿಸ್, ಲೈಸೆನ್ಸ್ ಎಂಬಲ್ಲಿ ಸದ್ದು ಒಂದೇ ಆದರೂ ಬ್ರಿಟಿಷ್ ಕಾಗುಣಿತದಲ್ಲಿ ಇದೇ ಕ್ರಮ. ಅಕ್ಷರಮಾಲೆಯಲ್ಲಿ ಸಿ ಮೊದಲು, ಎಸ್ ಆಮೇಲೆ. ನೌನಿನ ಎನ್ ಮೊದಲು, ವರ್ಬಿನ ವಿ ಆಮೇಲೆ. ಅಮೆರಿಕನ್ನರು ಪ್ರಾಕ್ಟಿಸ್ ಎರಡನ್ನೂ ಸಿ ಹಾಕಿ, ಲೈಸೆನ್ಸ್ ಎರಡನ್ನೂ ಎಸ್ ಹಾಕಿ ಬರೆಯುತ್ತಾರೆ. ನಿಮ್ಮ ಕಂಪ್ಯೂಟರ್ ಅಮೆರಿಕನ್ ಇಂಗ್ಲಿಷಿಗೆ ಹೊಂದಿಕೊಂಡಿದ್ದರೆ ಸರಿ ಇದ್ದದ್ದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಭಾಷೆಯ ಸೆಟ್ಟಿಂಗ್‌ನಲ್ಲಿ ಇಂಗ್ಲಿಷ್ ಇಂಡಿಯಾ ಆರಿಸಿಕೊಳ್ಳಿ.

ಹೆಜ್ಜೆ 8: ಅಭ್ಯಾಸ, ಮತ್ತು ಕಳಿಸುವ ಮುನ್ನ ಜಾಲಾಟ

ಜೋಡಿಯ ಎರಡನ್ನೂ ಒಟ್ಟಿಗೆ ಕಲಿಯಲು ಕೂರಬೇಡಿ. ಒಟ್ಟಿಗೆ ಕಲಿತದ್ದು ಒಟ್ಟಿಗೇ ನೆನಪಾಗುತ್ತದೆ, ಗೊಂದಲ ಮತ್ತೆ ಶುರು. ನೀವು ಹೆಚ್ಚು ಬಳಸುವ ಒಂದನ್ನು ಹಿಡಿದು ಒಂದು ವಾರ ಅದರಲ್ಲೇ ನಿಮ್ಮ ಜೀವನದ ವಾಕ್ಯಗಳನ್ನು ಬರೆಯಿರಿ. ಅದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಬನ್ನಿ, ಉಳಿದದ್ದೇ ಅದು ಎಂದು ತಾನಾಗಿ ಜಾಗಕ್ಕೆ ಕೂರುತ್ತದೆ.

'ಪ್ರಿಪೋನ್', 'ಔಟ್ ಆ಼ಫ್ ಸ್ಟೇಷನ್' ಥರದವುಗಳ ಮೇಲೆ ಸಮಯ ಕಳೆಯಬೇಡಿ. ಅವು ಭಾರತದ ಇಂಗ್ಲಿಷ್, ಇಲ್ಲಿ ಎಲ್ಲರಿಗೂ ಅರ್ಥವಾಗುತ್ತವೆ. ವಿದೇಶಿ ಗಿರಾಕಿಗೆ ಬರೆಯುವವರು ಮಾತ್ರ ಉತ್ತರಿಸಿ ಎನ್ನಲು 'ರಿವರ್ಟ್' ಬಿಟ್ಟು 'ರಿಪ್ಲೈ' ಬಳಸಿ, ಯಾಕೆಂದರೆ ಅಲ್ಲಿಯವರಿಗೆ ರಿವರ್ಟ್ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು.

ಸ್ಪೆಲ್‌ಚೆಕ್ ಈ ತಪ್ಪುಗಳನ್ನು ಹಿಡಿಯುತ್ತದೆ ಎಂದು ನಂಬಿ ಕೂರಬೇಡಿ, ಎರಡೂ ಸರಿಯಾದ ಪದಗಳೇ ಆಗಿರುವುದರಿಂದ ಎಷ್ಟೋ ಸಲ ಅದು ಸುಮ್ಮನೆ ಬಿಟ್ಟುಬಿಡುತ್ತದೆ. ಅದಕ್ಕೆ ಬದಲು ಮೊದಲ ಹೆಜ್ಜೆಯ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಳ್ಳಿ. ಪತ್ರ ಮುಗಿದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ, ನಿಮ್ಮ ಪಟ್ಟಿಯ ಒಂದೊಂದೇ ಪದವನ್ನು ಹುಡುಕಿ. ಸಿಕ್ಕ ಕಡೆಯಲ್ಲೆಲ್ಲ ಆ ವಾಕ್ಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ನೋಟಿಸಾದರೆ 'ಎಫೆಕ್ಟ್', 'ಅನ್‌ಟಿಲ್' ಹುಡುಕಿ, ಅರ್ಜಿಯಾದರೆ 'ಸಿನ್ಸ್', ದೂರಾದರೆ 'ಲಾಸ್ಟ್'. ಕರಾರಾದರೆ ಲೈಸೆನ್ಸರ್ ಎಂದು ಬಂದಲ್ಲೆಲ್ಲ ಮಾಲೀಕರ ಹೆಸರು ಹಾಕಿ ಓದಿ ನೋಡಿ. ಫೋನಿನಲ್ಲಿ ಬರೆಯುವವರು ಕಳಿಸುವ ಮೊದಲು ಆಟೋಕರೆಕ್ಟ್ ಯಾವ ಪದ ಬದಲಿಸಿದೆ ಎಂದು ಇನ್ನೊಮ್ಮೆ ಕಣ್ಣಾಡಿಸಿ. 'ಲೂಜ಼್' ಬರೆಯಹೊರಟು ಓ ಎರಡು ಸಲ ಒತ್ತಿಬಿಟ್ಟರೆ ಅದು ತುಟಿಪಿಟಿಕ್ಕೆನ್ನದೆ ಸಡಿಲವನ್ನೇ ಕಳಿಸಿಬಿಡಬಹುದು.